ಸುಮ್ಮನೆ ಹೋಗಿಬಂದವನ ಮೊಣಕಾಲು

ಯುಗಾದಿ ಕಳೆದ ಮರು ಸೋಮವಾರ ಬೆಳಿಗ್ಗೆ ಆಂಧ್ರದ ಮಡಕಶಿರಾ ಸೀಮೆಯಲ್ಲಿ, ಹೇಮಾವತಿ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಿಂದ ಸಿದ್ದೇಶ ಎಂಬ ಯುವಕ ತನ್ನ ಮೋಟಾರ್‌ಸೈಕಲ್ ಏರಿ ಒಬ್ಬನೇ ಅರುಣಾಚಲ ಪ್ರದೇಶದ ಕಡೆಗೆ ಹೊರಟ. ಕಾರಣ ತಿಳಿದುಬಂದಿಲ್ಲ.

ಈ ಕೊನೆಯ ಮಾತು ನನ್ನಂಥ ವರದಿಗಾರರ ಪಾಲಿಗೆ ಪಾತ್ರೆಯ ಮುಚ್ಚಳ ಇದ್ದಂತೆ. ಅಂಗಡಿಗೆ ಬೆಂಕಿ ಬಿತ್ತು, ಕಾರಣ ತಿಳಿದುಬಂದಿಲ್ಲ. ಬಸ್ಸು ನಿಂತುಹೋಯಿತು, ಕಾರಣ ತಿಳಿದುಬಂದಿಲ್ಲ. ಅಷ್ಟು ಬರೆದು ಕಳಿಸಿದರೆ ಆ ದಿನದ ಕೆಲಸ ಮುಗಿಯುತ್ತದೆ. ಒಳಗೆ ಏನು ಬೇಯುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಅದೇ ಗಡಿಸೀಮೆಯ ರಾಯದುರ್ಗದಿಂದ ಒಂದು ಕನ್ನಡ ಪತ್ರಿಕೆಗೆ ಸುದ್ದಿ ಕಳಿಸುತ್ತ ಕೂದಲು ಹಣ್ಣಾದ ನಾನು ಈ ಮುಚ್ಚಳವನ್ನು ಎಷ್ಟು ಪಾತ್ರೆಗಳಿಗೆ ಹಾಕಿದ್ದೇನೋ ಲೆಕ್ಕವಿಲ್ಲ. ಈ ಸಲ ಮಾತ್ರ ಹಾಕಲಾಗಲಿಲ್ಲ. ಏಕೆಂದರೆ ಸಿದ್ದೇಶ ನನ್ನ ಅಕ್ಕನ ಮಗಳು ಗೌರಿಗೆ ಗೊತ್ತು ಮಾಡಿದ್ದ ವರ. ಬಸವ ಜಯಂತಿಯ ದಿನ ನಿಶ್ಚಿತಾರ್ಥ ಎಂದು ಎರಡೂ ಕಡೆಯವರು ಮಾತಾಡಿಕೊಂಡಿದ್ದರು. ಅದಕ್ಕೆ ಮೊದಲೇ ವರ ಹೀಗೆ ದೇಶದ ಆ ತುದಿಗೆ ಹೊರಟಿದ್ದ.

ನಾನು ಹುಟ್ಟಾ ಸಂಶಯದ ಮನುಷ್ಯನಲ್ಲ, ಕಸುಬಿನಿಂದ ಹಾಗಾದವನು. ಹೊಸದಾಗಿ ಸೇರಿದಾಗ ಊರಿನ ಹಿರಿಯ ವ್ಯಾಪಾರಿಯೊಬ್ಬರು ತೀರಿಕೊಂಡರೆಂದು ಬಸ್ ನಿಲ್ದಾಣದಲ್ಲಿ ಕೇಳಿ ನಿಧನವಾರ್ತೆ ಬರೆದುಕೊಂಡೆ. ವಯಸ್ಸೊಂದು ಖಚಿತವಾಗಲಿ ಎಂದು ಅವರ ಮನೆಗೆ ಹೋದರೆ ಅವರೇ ಬಾಗಿಲು ತೆರೆದರು. ನಿಧನವಾರ್ತೆಯನ್ನು ಜೇಬಿನಲ್ಲಿಟ್ಟುಕೊಂಡೇ ಅವರು ಕೊಟ್ಟ ಚಹಾ ಕುಡಿದು, ಅವರ ವಯಸ್ಸನ್ನೂ ಕೇಳಿಕೊಂಡು ಬಂದೆ. ಅಂದಿನಿಂದ ಕಣ್ಣಾರೆ ನೋಡದ ಯಾವುದನ್ನೂ ನಂಬುವುದಿಲ್ಲ. ನೋಡಿದ್ದನ್ನೂ ಇನ್ನೊಮ್ಮೆ ನೋಡುತ್ತೇನೆ. "ಸಾರಿಗೆ ಉಪ್ಪು ಹಾಕೀನಿ ಅಂದ್ರ ನಂಬಂಗಿಲ್ಲ, ನಾಲಿಗಿಗೆ ಹಚ್ಚಿ ನೋಡಿ ಆಮ್ಯಾಲ ಊಟಕ್ಕ ಕೂಡ್ತಾರ" ಎಂದು ನನ್ನ ಹೆಂಡತಿ ಸುಮಂಗಲ ಬಂದವರೆದುರು ಹೇಳುವುದುಂಟು. ಅವಳು ಹೇಳುವುದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ ಎಂದು ನನಗೆ ಸಂಶಯ.

ನಮ್ಮ ಸೀಮೆಯ ಜನ ಊರು ಬಿಡದವರೇನಲ್ಲ. ಮಡಕಶಿರಾದ ಹುಡುಗ ಹುಡುಗಿಯರು ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿ ಹಿಂದೂಪುರದ ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಕೆಲವರು ದೊಡ್ಡಬಳ್ಳಾಪುರದಲ್ಲಿ ಕೋಣೆ ಮಾಡಿಕೊಂಡಿರುತ್ತಾರೆ. ರಾಯದುರ್ಗದವರು ಜೀನ್ಸ್ ಪ್ಯಾಂಟಿನ ಮೂಟೆಯ ಜೊತೆ ಬಳ್ಳಾರಿಗೆ ಹೋಗಿ ಬರುತ್ತಾರೆ. ಜಮೀನಿನ ತಕರಾರಿಗೆ ಅನಂತಪುರ, ಪುಣ್ಯಕ್ಕೆ ಶ್ರೀಶೈಲ, ಕೊನೆಗಾಲಕ್ಕೆ ಕಾಶಿ. ಹೀಗೆ ಪ್ರತಿ ಪ್ರಯಾಣಕ್ಕೂ ಹಣೆಯ ಮೇಲೆ ಒಂದು ಕಾರಣ ಅಂಟಿರುತ್ತದೆ. ದಾರಿಯಲ್ಲಿ ಸಿಕ್ಕವರು "ಎಲ್ಲಿಗೆ" ಎಂದು ಕೇಳುವುದು ಮರ್ಯಾದೆಗೆ, "ಯಾಕ" ಎಂದು ಕೇಳುವುದು ನಿಜವಾದ ಪ್ರಶ್ನೆ. ಸಿದ್ದೇಶನನ್ನು ಅವನ ಹಳ್ಳಿಯಲ್ಲಿ ಎಲ್ಲರೂ ಕೇಳಿದ್ದರಂತೆ. ಅವನು "ಸುಮ್ನೆ" ಎಂದನಂತೆ. ತೆಲುಗಿನಲ್ಲಿ ಕೇಳಿದವರಿಗೆ "ಊರಿಕೇ" ಎಂದನಂತೆ. ಎರಡು ಭಾಷೆಯಲ್ಲಿ ಕೇಳಿದರೂ ಒಂದೇ ಉತ್ತರ ಕೊಡುವ ಮನುಷ್ಯ ಮೊದಲೇ ಯೋಚಿಸಿ ಇಟ್ಟುಕೊಂಡಿರಬೇಕು ಎಂಬುದು ನನ್ನ ಅನುಭವ.

ಅಕ್ಕ ನಾಗರತ್ನಳ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಯಂತ್ರಗಳು, ಸುತ್ತ ಪ್ಯಾಂಟಿನ ಬಂಡಲುಗಳು, ಅವುಗಳ ನಡುವೆ ಉಳಿದ ಜಾಗದಲ್ಲಿ ಸಂಸಾರ. ಭಾವ ಯಂತ್ರದ ಮುಂದೆ ಕುಳಿತರೆ ಪೆಡಲಿನಿಂದ ಕಾಲು ತೆಗೆಯುವುದಿಲ್ಲ. ಹೆಣ್ಣಿನ ವಿಷಯದಲ್ಲಿ ವಿಚಾರಿಸುವುದೇನಿದ್ದರೂ ಸೋದರಮಾವನ ಕೆಲಸ ಎಂದು ಅವರು ಮೊದಲೇ ನನಗೆ ಬಿಟ್ಟುಕೊಟ್ಟಿದ್ದರು. ಗೌರಿಯ ಕೆಲಸ ಹೊಲಿದು ಮುಗಿದ ಪ್ಯಾಂಟಿನ ಮೇಲಿನ ದಾರದ ಎಳೆಗಳನ್ನು ಚಿಕ್ಕ ಕತ್ತರಿಯಿಂದ ತೆಗೆಯುವುದು. ಅವಳ ಕೈಯಿಂದ ದಾಟಿಹೋದ ಪ್ಯಾಂಟಿನಲ್ಲಿ ಒಂದು ಎಳೆ ಸಿಕ್ಕರೆ ಅದು ಸುದ್ದಿ.

ಸಿದ್ದೇಶ ಹೊರಟ ಸುದ್ದಿ ಮುಟ್ಟಿದ ದಿನ ಅಕ್ಕ ಹೇಳಿ ಕಳಿಸಿದ್ದಳು. ಹೋದಾಗ ಮುಖ ಚಿಕ್ಕದು ಮಾಡಿಕೊಂಡು ಕುಳಿತಿದ್ದಳು.

"ಮೊದಲ ಅರುಣಾಚಲ ಅಂದಾಗ ತಿರುವಣ್ಣಾಮಲೈ ಅಂತ ತಿಳದಿದ್ದೆ ತಮ್ಮಾ. ಪಾಪ, ಮದಿವಿ ಮುಂಚೆ ಗಿರಿ ಸುತ್ತಾಕ ಹೊಂಟಾನ, ದೈವಭಕ್ತ ಅಂತ ಖುಷಿ ಆಗಿದ್ದೆ. ಈಗ ನೋಡಿದ್ರ ಅಸ್ಸಾಮಿನ ಆಚಿಗಂತ."

"ದಾರಿಯಲ್ಲಿ ಕಾಶಿ ಸಿಗುತ್ತದಲ್ಲ" ಎಂದೆ.

"ಅದನ್ನ ಕೇಳಿಸಿದೆ. ಕಾಶಿ ಒಳಗ ಹೋಗಂಗಿಲ್ಲಂತ, ಬೈಪಾಸಿನ್ಯಾಗ ಹೋಗ್ತಾನಂತ. ಕಾಶಿ ಬಾಜೂಕ ಹೋಗಿ ಕೈಮುಗೀದ ಹೋಗೋನು ಎಂಥ ಮನಷ್ಯಾ? ಒಬ್ಬನ ಹೋಗ್ಯಾನ ಅಂತಾರ. ಒಬ್ಬನ ಯಾಕ ಹೋಗ್ತಾನ? ಹಿಂದಿನ ಸೀಟಿನ್ಯಾಗ ಯಾರದಾರ ನೋಡು."

ಭಾವ ಹೊಲಿಯುತ್ತಲೇ, "ಹಿಂದಿನ ಸೀಟಿಗೆ ಚೀಲ ಕಟ್ಟ್ಯಾನಂತ" ಎಂದರು.

"ಚೀಲ ಇಳಿಸಿದ್ರ ಮನಷಾರು ಕೂಡಾಕ ಜಾಗ ಆಗತೈತಿ" ಎಂದಳು ಅಕ್ಕ. ನನ್ನ ಅಕ್ಕ ಪತ್ರಿಕೆಗೆ ಬಂದಿದ್ದರೆ ನಾನು ಇಷ್ಟು ವರ್ಷ ಅವಳ ಕೈಕೆಳಗೆ ಕೆಲಸ ಮಾಡಬೇಕಾಗುತ್ತಿತ್ತು. "ನೀ ಹೋಗಿ ವಿಚಾರಿಸ್ಕೊಂಡು ಬಾ. ನೀ ಹೂಂ ಅಂದ್ರ ಹೂಂ. ನೀ ಬ್ಯಾಡ ಅಂದ್ರ ಬ್ಯಾಡ."

ಗೌರಿ ಕತ್ತರಿ ಆಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಅವಳಿಗೆ ಹುಡುಗ ಒಪ್ಪಿಗೆಯಾಗಿದ್ದ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕಾಗಿಯೇ ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಕಲ್ಯಾಣದುರ್ಗ, ಪಾವಗಡದ ಮೇಲೆ ಬಸ್ಸು ಬದಲಿಸುತ್ತ, ಆಂಧ್ರದಿಂದ ಕರ್ನಾಟಕಕ್ಕೆ, ಮತ್ತೆ ಆಂಧ್ರಕ್ಕೆ ಗಡಿ ದಾಟಿ ಸಿದ್ದೇಶನ ಹಳ್ಳಿ ಮುಟ್ಟಿದೆ. ವರನ ವಿಚಾರಣೆಯನ್ನು ಚಹಾದ ಅಂಗಡಿಯಿಂದ ಶುರು ಮಾಡಬೇಕೆಂಬುದು ನಮ್ಮ ಕಡೆಯ ಪದ್ಧತಿ. ಆದರೆ ಈ ಪದ್ಧತಿ ಚಹಾದ ಅಂಗಡಿಯವರಿಗೂ ಗೊತ್ತು. ಹೊರಗಿನ ಮನುಷ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಒಂದು ಚಹಾ ಹೇಳಿ, ಮಳೆ ಬೆಳೆ ಕೇಳಿ, ಆಮೇಲೆ ಯಾರದೋ ಮಗನ ಹೆಸರು ತೆಗೆದರೆ ಅವನು ಹೆಣ್ಣಿನ ಕಡೆಯವನೇ. ಆಗ ಅಂಗಡಿಯವನು "ಹುಡುಗ ಬಂಗಾರ" ಎನ್ನುತ್ತಾನೆ. ಬಂಗಾರ ಎಂದರೆ ಅನುಮಾನಿಸಬೇಕು, ಒಂದು ದೋಷ ಹೇಳಿದರೆ ನಂಬಬೇಕು ಎಂಬುದು ನಾನು ಮಾಡಿಕೊಂಡ ನಿಯಮ.

"ಬಂಗಾರ ಅಲ್ಲ ಬುಡಿ" ಎಂದ ಈ ಅಂಗಡಿಯವನು, ನನ್ನ ನಿಯಮವನ್ನು ಓದಿಕೊಂಡವನಂತೆ. "ಕುಡಿಯಾಕಿಲ್ಲ, ಇಸ್ಪೀಟು ಮುಟ್ಟಾಕಿಲ್ಲ. ಗಾರ್ಮೆಂಟ್ಸ್ ಫ್ಯಾಕ್ಟ್ರೀಲಿ ಬಟ್ಟೆ ಕತ್ತರಿಸೋ ಕಟಿಂಗ್ ಮಾಸ್ಟ್ರು, ಕೆಲಸದಾಗೆ ಎತ್ತಿದ ಕೈ. ಆದ್ರೆ ಗಾಡಿ ಹುಚ್ಚು ಐತೆ. ಹೆಣ್ಣು ಕೊಡೋರು ಗಾಡಿಗೂ ಒಂದು ಮಾತು ಕೇಳ್ಬೇಕು."

ಇದು ದೋಷವೋ, ದೋಷದ ವೇಷದಲ್ಲಿದ್ದ ಹೊಗಳಿಕೆಯೋ ಎಂದು ತೀರ್ಮಾನಿಸಲಾಗದೆ ಇನ್ನೊಂದು ಚಹಾ ಕುಡಿದೆ.

ಸಿದ್ದೇಶನ ತಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ರೇಷ್ಮೆಹುಳು ಸಾಕುವ ಮನೆ; ಒಳಗೆ ಹುಳುಗಳು ಎಲೆ ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ನೀರು ಕೊಟ್ಟು, ಚಾಪೆ ಹಾಸಿ, ನನ್ನ ಎದುರು ಕುಳಿತರು.

"ಯಾಕೆ ಹೋದರು ಅಂತ ಏನಾದರೂ ಹೇಳಿದರಾ?" ಎಂದು ಕೇಳಿದೆ.

"ಸುಮ್ನೆ ಹೋಗವ್ನೆ ಸ್ವಾಮಿ."

"ಸುಮ್ಮನೆ ಅಂದರೆ?"

"ಸುಮ್ನೆ ಅಂದ್ರೆ... ಸುಮ್ನೆ" ಎಂದರು. ಆಮೇಲೆ, "ನಿಂತೇ ಮಾಡೋ ಕೆಲಸ ಅವಂದು. ವರ್ಷಗಟ್ಲೆ ಒಂದೇ ಟೇಬಲ್ ಮುಂದೆ ನಿಂತವ್ನೆ. ಕಾಲು ಜೋಮು ಹಿಡಿದೈತೇನೋ" ಎಂದರು. ಒಳಗಿನಿಂದ ಬಂದ ತಾಯಿ, "ನಿಪ್ಪಟ್ಟು ಕಟ್ಟಿ ಕಳ್ಸಿದೀನಿ" ಎಂದರು. ಇಬ್ಬರೂ ನನ್ನನ್ನೇ ಸಂಶಯದಿಂದ ನೋಡುತ್ತಿದ್ದರು. ಮಗ ದೇಶ ಸುತ್ತಲು ಹೋದದ್ದು ಅವರಿಗೆ ವಿಚಿತ್ರವಾಗಿರಲಿಲ್ಲ. ಅದನ್ನು ಕೇಳಲು ಒಬ್ಬ ಮನುಷ್ಯ ರಾಯದುರ್ಗದಿಂದ ಇಷ್ಟು ಬಸ್ಸು ಬದಲಿಸಿ ಬಂದದ್ದು ವಿಚಿತ್ರವಾಗಿತ್ತು. ನಾನು ವಾಪಸ್ ಬಂದು ಅಕ್ಕನಿಗೆ ವರದಿ ಕೊಟ್ಟೆ: ಮನೆತನ ಒಳ್ಳೆಯದು, ಕಾರಣ ತಿಳಿದುಬಂದಿಲ್ಲ.

ಅಷ್ಟರಲ್ಲಿ ಗೌರಿಯ ಫೋನಿಗೆ ಫೋಟೊಗಳು ಬರತೊಡಗಿದ್ದವು. ನಾಗಪುರದ ಕಿತ್ತಳೆಯ ಗುಡ್ಡೆ, ದೊಡ್ಡ ಹೊಳೆಯ ಸೇತುವೆ, ಚಹಾದ ತೋಟ. ಅಕ್ಕ ಪ್ರತಿ ಫೋಟೊವನ್ನೂ ನನ್ನ ಪರಿಶೀಲನೆಗೆ ಒಪ್ಪಿಸುತ್ತಿದ್ದಳು. ನಾನು ಕನ್ನಡಕ ಒರೆಸಿಕೊಂಡು ನೆರಳು ಯಾವ ಕಡೆ ಬಿದ್ದಿದೆ, ಹಿಂದಿನ ಬೋರ್ಡಿನಲ್ಲಿ ಯಾವ ಲಿಪಿ ಇದೆ ಎಂದು ನೋಡುತ್ತಿದ್ದೆ. ಒಂದು ಫೋಟೊದಲ್ಲಿ ಸಿಕ್ಕಿಬಿದ್ದ. ಹೊಳೆಯ ದಂಡೆ, ಮೋಟಾರ್‌ಸೈಕಲ್, ಪಕ್ಕದಲ್ಲಿ ಸಿದ್ದೇಶ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನಿಂತಿದ್ದಾನೆ.

"ಫೋಟೊ ತೆಗೆದವರು ಯಾರು?" ಎಂದೆ.

ಭಾವ ಪೆಡಲಿನಿಂದ ಕಾಲು ತೆಗೆದರು.

"ಕಲ್ಲಿನ ಮ್ಯಾಲ ಫೋನ್ ಇಟ್ಟು ತಗೀತಾರ ಮಾಮ" ಎಂದಳು ಗೌರಿ. "ಗುಂಡಿ ಒತ್ತಿ ಓಡಿಬಂದು ನಿಂದ್ರಬೇಕು. ಅದಕ್ಕ ಸ್ವಲ್ಪ ವಾರಿ ಬಂದೈತಿ, ನೋಡ್ರಿ."

ಫೋಟೊ ಓರೆಯಾಗಿದ್ದದ್ದು ನಿಜ. ಆದರೆ ಓರೆಯಾಗಿ ಫೋಟೊ ತೆಗೆಯುವ ಮನುಷ್ಯರೂ ಇರುತ್ತಾರೆ. ನಮ್ಮ ಪತ್ರಿಕೆಯಲ್ಲೇ ಒಬ್ಬರಿದ್ದರು. ನಾನು ಹಾಗೆಂದಾಗ ಗೌರಿ ಫೋನನ್ನು ತೆಗೆದುಕೊಂಡು ಒಳಗೆ ಹೋದಳು. ಆಮೇಲೆ ಫೋಟೊಗಳು ಬರುತ್ತಿದ್ದವೋ ಇಲ್ಲವೋ, ನನ್ನ ಪರಿಶೀಲನೆಗಂತೂ ಬರಲಿಲ್ಲ.

ಬಸವ ಜಯಂತಿ ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಸಿದ್ದೇಶ ತನ್ನ ಊರಿಗೂ ಹೋಗದೆ, ಬಳ್ಳಾರಿಯ ಕಡೆಯಿಂದ ನೆಟ್ಟಗೆ ಅಕ್ಕನ ಮನೆಯ ಮುಂದೆ ಬಂದು ಗಾಡಿ ನಿಲ್ಲಿಸಿದ. ನನಗೆ ಹೇಳಿಕಳಿಸಿದರು. ಓಡಿದೆ ಎಂದರೆ ಘನತೆಗೆ ಕುಂದು, ಬೇಗ ನಡೆದೆ. ಹುಡುಗ ಒಣಗಿ ಕಪ್ಪಾಗಿದ್ದ. "ಬರ್ರಿ, ಕುಂದರ್ರಿ" ಎಂದು ಎಲ್ಲರೂ ಹೇಳುತ್ತಿದ್ದರು, ಯಾರ ಕಣ್ಣೂ ಅವನ ಮುಖದ ಮೇಲಿರಲಿಲ್ಲ. ಎಲ್ಲರೂ ಅವನ ಪ್ಯಾಂಟು ನೋಡುತ್ತಿದ್ದರು.

ಇದನ್ನು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ನಮ್ಮೂರಿನಲ್ಲಿ ಪ್ಯಾಂಟು ಹೊಲಿದಾಗ ಕಡು ನೀಲಿಯಾಗಿ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಅದು ಹಾಗೆಯೇ ಇದ್ದರೆ ಪೇಟೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಆದ್ದರಿಂದ ಬಳ್ಳಾರಿಯ ವಾಷಿಂಗಿಗೆ ಕಳಿಸಿ, ಕಲ್ಲಿನ ಜೊತೆ ಹೊರಳಿಸಿ, ಮರಳುಕಾಗದದಿಂದ ತೊಡೆ ಉಜ್ಜಿ, ಗ್ರೈಂಡಿಂಗ್ ಚಕ್ರಕ್ಕೆ ಮೊಣಕಾಲು ಹಿಡಿದು, ಹತ್ತು ವರ್ಷ ತೊಟ್ಟಂತೆ ಮಾಡಿಸುತ್ತಾರೆ. ಇನ್ನೂ ಒಂದು ಕಾಲನ್ನೂ ಕಾಣದ ಪ್ಯಾಂಟಿಗೆ ಮೊಣಕಾಲು ಹರಿದಿರುತ್ತದೆ. ಹೀಗಾಗಿ ರಾಯದುರ್ಗದಲ್ಲಿ ಹರಿದ ಮೊಣಕಾಲು ಕಂಡರೆ "ಬಿದ್ದಿರೇನ್ರಿ" ಎಂದು ಯಾರೂ ಕೇಳುವುದಿಲ್ಲ. "ಯಾವ ಯುನಿಟ್ಟಿನ ಕೆಲಸರಿ" ಎಂದು ಕೇಳುತ್ತಾರೆ.

ಸಿದ್ದೇಶನ ಬಲಮೊಣಕಾಲು ಹರಿದಿತ್ತು. ನೀಲಿ ಎಳೆ ಸವೆದುಹೋಗಿ, ಅಡ್ಡಲಾದ ಬಿಳಿ ಎಳೆಗಳು ಮಾತ್ರ ಉಳಿದು ಜೋತಾಡುತ್ತಿದ್ದವು. ಸುತ್ತ ಹದವಾಗಿ ಬಣ್ಣ ಬಿಟ್ಟಿತ್ತು. ಕೆಲಸ ಅಚ್ಚುಕಟ್ಟಾಗಿತ್ತು. ಹೊರಗೆ ಬಂದು ಗಾಡಿ ನೋಡಿದೆ. ಚಕ್ರದ ತುಂಬ ಕೆಂಪು ಧೂಳು. ಆ ಕೆಂಪು ಯಾವುದೆಂದು ನಮ್ಮ ಕಡೆಯ ಮಕ್ಕಳೂ ಹೇಳುತ್ತಾರೆ. ಓಬಳಾಪುರದ ಕಡೆಯ ಅದಿರಿನ ಧೂಳು, ಬಳ್ಳಾರಿ ರಸ್ತೆಯಲ್ಲಿ ಬಂದ ಯಾವ ಗಾಡಿಗೂ ಹತ್ತುತ್ತದೆ. ಅರುಣಾಚಲದ ಮಣ್ಣು ಯಾವ ಬಣ್ಣವೆಂದು ನನಗೆ ಗೊತ್ತಿರಲಿಲ್ಲ. ಇದಲ್ಲ ಎಂಬುದು ಗೊತ್ತಿತ್ತು. ಎರಡು ಸಾಕ್ಷ್ಯಗಳು ಸ್ವತಂತ್ರವಾಗಿ ಒಂದೇ ಊರನ್ನು ತೋರಿಸಿದರೆ ಅದನ್ನು ಸುದ್ದಿ ಎನ್ನುತ್ತಾರೆ.

ಅಡುಗೆಮನೆಗೆ ಹೋದೆ. ಅಕ್ಕ ಆಗಲಿರುವ ಅಳಿಯನಿಗೆಂದು ಮಿರ್ಚಿ ಕರಿಯುತ್ತಿದ್ದಳು. ಮಂಡಕ್ಕಿಗೆ ಆಗಲೇ ಒಗ್ಗರಣೆ ಬಿದ್ದಿತ್ತು.

"ಅಕ್ಕಾ, ಆ ಮೊಣಕಾಲು ಬಳ್ಳಾರಿ ಗ್ರೈಂಡಿಂಗಿಂದು. ಗಾಡಿಯ ಧೂಳು ಓಬಳಾಪುರದ್ದು. ಹುಡುಗ ಬಳ್ಳಾರಿ ದಾಟಿಲ್ಲ. ಫೋಟೊ ಬೇರೆ ಯಾರೋ ಕಳಿಸಿರಬಹುದು. ಇಷ್ಟು ದಿನ ಬಳ್ಳಾರಿಯಲ್ಲಿ ಯಾರ ಮನೆಯಲ್ಲಿದ್ದ ಅನ್ನುವುದು ಮುಂದಿನ ಪ್ರಶ್ನೆ."

ಅಕ್ಕ ನನ್ನನ್ನೇ ನೋಡಿದಳು. "ಖರೇ ಏನು?"

"ನಾನು ಖಚಿತಪಡಿಸಿಕೊಳ್ಳದೆ ಹೇಳುವುದಿಲ್ಲ."

ಅವಳು ಕೈಚಾಚಿ ಒಲೆ ಆರಿಸಿದಳು. ಬಾಣಲೆಯಲ್ಲಿ ಮಿರ್ಚಿಗಳು ಅರ್ಧ ಬೆಂದು ಹಾಗೇ ತೇಲುತ್ತಿದ್ದವು. "ಹಂಗಾರ ಬ್ಯಾಡ" ಎಂದಳು. "ಒಂದು ಕಪ್ ಚಾ ಕೊಟ್ಟು ಕಳಸ್ತೀನಿ. ಬಸವ ಜಯಂತಿಗೆ ಬರಬ್ಯಾಡ್ರಿ ಅಂತ ನೀನ ಹೇಳು."

ಅಡುಗೆಮನೆಗೂ ಪಡಸಾಲೆಗೂ ನಡುವೆ ಗೋಡೆಯಿಲ್ಲ, ಪ್ಯಾಂಟಿನ ಬಂಡಲುಗಳ ಒಂದು ರಾಶಿ ಇದೆ. ಅದರ ಆಚೆ ಗೌರಿ ಕುಳಿತಿದ್ದಳು. ಎದ್ದು ಒಂದು ಸ್ಟೂಲನ್ನು ತಂದು ಸಿದ್ದೇಶನ ಎದುರು ಇಟ್ಟಳು.

"ಕಾಲು ಇದರ ಮ್ಯಾಲ ಇಡ್ರಿ."

"ಯಾಕ್ರಿ? ಬ್ಯಾಡ ಬುಡ್ರಿ, ವಾಸಿ ಆಗ್ತೈತೆ" ಎಂದ ಅವನು.

"ಇಡ್ರಿ. ನಮ್ಮ ಮಾಮ ನೋಡಬೇಕಂತ."

ಅವನು ಇಟ್ಟ. ನಾನು ಈಚೆ ಬಂದು ನಿಂತೆ. ಅವಳು ಜೋತಾಡುವ ಬಿಳಿ ಎಳೆಗಳನ್ನು ಎರಡು ಬೆರಳಿನಿಂದ ಅತ್ತಿತ್ತ ಸರಿಸಿದಳು. ಒಳಗೆ ಅಂಗೈ ಅಗಲದ ಗಾಯ, ಮೇಲೆ ಕಪ್ಪು ಹಕ್ಕಳೆ ಕಟ್ಟಿತ್ತು. ಪ್ಯಾಂಟಿನ ಹಲವು ಎಳೆಗಳು ಹಕ್ಕಳೆಯೊಳಗೇ ಸಿಕ್ಕಿ ಒಣಗಿ ಕುಳಿತಿದ್ದವು.

"ಒಗೆಯಾಕೆ ತೆಗೆಯಕ್ಕಾಗಲಿಲ್ಲ. ಎಳೆದ್ರೆ ರಕ್ತ ಬರ್ತದೆ" ಎಂದ ಸಿದ್ದೇಶ, ಪ್ಯಾಂಟು ಕೊಳೆಯಾಗಿರುವುದಕ್ಕೆ ಕ್ಷಮೆ ಕೇಳುವವನಂತೆ. "ವಾಪಸ್ ಬರೋವಾಗ ಸಿಲಿಗುರಿ ದಾಟಿದ ಮೇಲೆ ಒಂದು ಆಡು ಅಡ್ಡ ಬಂತು ಸಾರ್. ರೋಡಿನ ಮೇಲೆ ಜಾರ್ಕಂಡು ಹೋದೆ."

ಪ್ಯಾಂಟು ಉಜ್ಜಲು ಮರಳುಕಾಗದವೇ ಆಗಬೇಕೆಂದೇನಿಲ್ಲ, ರಸ್ತೆಯೂ ಸಾಕು ಎಂಬುದು ನನಗೆ ಆಗ ಹೊಳೆಯಿತು. ಏನಾದರೂ ಕೇಳಲೇಬೇಕಿತ್ತು. ಅಷ್ಟು ವರ್ಷದ ಅಭ್ಯಾಸ. "ಆಡಿಗೆ ಏನಾಯಿತು?" ಎಂದೆ.

"ಆಡು ಚೆನ್ನಾಗೈತೆ ಸಾರ್. ಆಡಿನೋರು ಮನೆಗೆ ಕರ್ಕಂಡೋಗಿ ಅರಿಶಿನ ಹಚ್ಚಿ ಮಲಗಿಸಿದ್ರು. ಅವರ ಭಾಷೆ ನಂಗೆ ಬರಾಕಿಲ್ಲ, ನಂದು ಅವರಿಗೆ ಬರಾಕಿಲ್ಲ. ಮನೆ ಯಜಮಾನ್ರು ಏನೋ ಕೇಳಿದ್ರು. ಯಾಕೆ ಬಂದೆ ಅಂತ ಕೇಳ್ತಾವ್ರೆ ಅಂತ ಅಂದ್ಕಂಡು, ಸುಮ್ನೆ ಅಂದೆ."

"ಅವರೇನಂದರು?"

"ತಿರುಗ ಕೇಳಲಿಲ್ಲ. ಅರ್ಥ ಆಯ್ತು ಅನ್ಸುತ್ತೆ."

ಅಕ್ಕ ಬಂಡಲಿನ ರಾಶಿಯ ಪಕ್ಕದಲ್ಲಿ ನಿಂತು ಎಲ್ಲ ನೋಡಿದಳು. "ಪ್ಯಾಂಟು ನೋಡಿದಿ, ಕಾಲು ನೋಡಲಿಲ್ಲಲ್ಲೋ ತಮ್ಮಾ" ಎಂದಳು ಮೆಲ್ಲಗೆ. ಒಳಗೆ ಹೋಗಿ ಮತ್ತೆ ಒಲೆ ಹಚ್ಚಿದ ಸದ್ದು ಕೇಳಿಸಿತು. ಗೌರಿ ಕೊಬ್ಬರಿ ಎಣ್ಣೆಯಲ್ಲಿ ಅರಿವೆ ಅದ್ದಿ ಗಾಯದ ಮೇಲಿಟ್ಟು, ಹಕ್ಕಳೆ ಮೆತ್ತಗಾಗುವವರೆಗೆ ಕಾದಳು. ಆಮೇಲೆ ತನ್ನ ಚಿಕ್ಕ ಕತ್ತರಿಯಿಂದ ಒಂದೊಂದೇ ಎಳೆಯನ್ನು ತೆಗೆದಳು. ಅವನು ಹಲ್ಲು ಕಚ್ಚಿಕೊಂಡು ಛಾವಣಿ ನೋಡುತ್ತಿದ್ದ. ಅವಳು ಒಂದು ಎಳೆಯನ್ನೂ ಉಳಿಸಲಿಲ್ಲ.

ಎರಡು ಸಲ ಎಣ್ಣೆ ಕಂಡ ಮಿರ್ಚಿಗಳು ಜಿಡ್ಡಾಗಿದ್ದವು. ನನ್ನ ತಟ್ಟೆಗೆ ಅವೇ ಹೆಚ್ಚು ಬಿದ್ದವು. ಅದು ಆಕಸ್ಮಿಕವೆಂದು ನಾನು ನಂಬುವುದಿಲ್ಲ. ಎಲ್ಲ ತಿಂದೆ. ಬಸವ ಜಯಂತಿಯ ದಿನ ನಿಶ್ಚಿತಾರ್ಥವಾಯಿತು, ಆಷಾಢಕ್ಕೆ ಮೊದಲೇ ಮದುವೆಯಾಯಿತು. ತಪ್ಪಿಗೆ ಪ್ರಾಯಶ್ಚಿತ್ತವಾಗಲಿ ಎಂದು ಸಿದ್ದೇಶನ ಯಾತ್ರೆಯ ಬಗ್ಗೆ ಒಂದು ಸುದ್ದಿ ಬರೆದು ಫೋಟೊದ ಜೊತೆ ಪತ್ರಿಕೆಗೆ ಕಳಿಸಿದೆ. ಡೆಸ್ಕಿನಿಂದ ಒಬ್ಬ ಹೊಸ ಉಪಸಂಪಾದಕ ಫೋನ್ ಮಾಡಿದ. "ಸಾರ್, ಯಾತ್ರೆಯ ಉದ್ದೇಶ ಬರೆದಿಲ್ಲ. ಪರಿಸರ ಜಾಗೃತಿನಾ, ರಾಷ್ಟ್ರೀಯ ಭಾವೈಕ್ಯವಾ?" ಎಂದ. ಸುಮ್ಮನೆ ಎಂದೆ. ಅವನು, "ಸಾರ್, ನೀವು ಸರಿಯಾಗಿ ವಿಚಾರಿಸಿದ್ದೀರಾ?" ಎಂದು ಕೇಳಿದ. ಸುದ್ದಿ ಬರಲಿಲ್ಲ.

ಇದೆಲ್ಲ ಮುಗಿದ ಮೇಲೆ, ಶ್ರಾವಣದ ಒಂದು ಭಾನುವಾರ, ಬೆಳಿಗ್ಗೆ ಪತ್ರಿಕೆ ಓದಿ ಮಡಚಿಟ್ಟು ನನ್ನ ಹಳೆಯ ಸ್ಕೂಟರ್ ತೆಗೆದೆ. ಎಲ್ಲಿಗೆಂದು ಯೋಚಿಸಿರಲಿಲ್ಲ. ಗುಮ್ಮಗಟ್ಟದ ದಾರಿ ಹಿಡಿದು ಭೈರವಾನಿತಿಪ್ಪದ ಜಲಾಶಯದವರೆಗೆ ಹೋದೆ. ಆ ಜಲಾಶಯದ ಬಗ್ಗೆ ಎಷ್ಟೋ ಸುದ್ದಿ ಬರೆದಿದ್ದೇನೆ. ಮಂತ್ರಿಗಳು ಬಂದಾಗ, ನೀರು ಬಂದಾಗ, ನೀರು ಬಾರದಿದ್ದಾಗ. ಏನೂ ಇಲ್ಲದಾಗ ಹೋದದ್ದು ಅದೇ ಮೊದಲು. ಕಟ್ಟೆಯ ಮೇಲೆ ಕುಳಿತೆ. ವೇದಾವತಿಯ ನೀರು ನಡುವೆ ಸ್ವಲ್ಪ ನಿಂತಿತ್ತು. ಅದರಲ್ಲಿ ಒಂದು ಎಮ್ಮೆ ನನ್ನಷ್ಟೇ ಬಿಡುವಾಗಿತ್ತು. ಯಾರನ್ನೂ ಏನೂ ಕೇಳಲಿಲ್ಲ. ಹೊರಡುವ ಮೊದಲು ಒಂದು ಕಲ್ಲಿನ ಮೇಲೆ ಫೋನ್ ಇಟ್ಟು, ಗುಂಡಿ ಒತ್ತಿ, ಈ ವಯಸ್ಸಿಗೆ ಸಾಧ್ಯವಾದಷ್ಟು ಓಡಿ ಸ್ಕೂಟರಿನ ಪಕ್ಕ ನಿಂತು ಎದೆಯ ಮೇಲೆ ಕೈಕಟ್ಟಿಕೊಂಡೆ. ಫೋಟೊ ವಾರಿಯಾಗಿ ಬಂತು.

ಮನೆಗೆ ಬಂದಾಗ ಊಟದ ಹೊತ್ತು ಮೀರಿತ್ತು. "ಎಲ್ಲಿಗೆ ಹೋಗಿದ್ರಿ?" ಎಂದಳು ಸುಮಂಗಲ. ಹೇಳಿದೆ. "ಯಾಕ?" ಎಂದಳು. ಸುಮ್ಮನೆ ಎಂದೆ. ನಂಬಲಿ ಎಂದು ಫೋಟೊ ತೋರಿಸಿದೆ. ಅವಳು ಫೋನನ್ನು ಬೆಳಕಿನ ಕಡೆಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಎರಡೂ ಕೈ ಕಟ್ಟಿಗೊಂಡು ನಿಂತೀರಿ" ಎಂದಳು. "ಫೋಟೊ ಯಾರು ತಗದ್ರು?"

ಕಲ್ಲು ಎಂದೆ. ಅವಳು ಒಳಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಮಡಕಶಿರಾ ಕಡೆ ಗೌರಿಗೆ ಮಾಡಿದಳು. ಇಂದು ಬೆಳಿಗ್ಗೆ ಸಿದ್ದೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೋಟಾರ್‌ಸೈಕಲ್ ಮೇಲೆ ಬಂದಿಳಿದಿದ್ದಾನೆ. ಸದ್ಯ ನಮ್ಮ ಮನೆಯ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತಿದ್ದಾನೆ. ಎರಡನೆಯ ಚಹಾ ಹೇಳಿದ್ದಾನೆ. ಅಂಗಡಿಯವನು ಇದುವರೆಗೆ ಏನು ಹೇಳಿದ್ದಾನೆಂದು ತಿಳಿದುಬಂದಿಲ್ಲ.